ಮೊರ ಹಿಡಿ, ಕೇರಬೇಡ: ಗದ್ದೆ ಕೋರ್ಟಿನ ದಿನಚರಿ

ಡಿಸೆಂಬರ್ 14

ಕೊಯ್ಲು ಮುಗಿದು ಹುಲ್ಲು ಬಣವೆ ಸೇರಿತು. ಪ್ರತಿ ವರ್ಷದ ಹಾಗೆ ಊರ ಹುಡುಗರು ಮೇಲಿನ ಗದ್ದೆಯ ಕೂಳೆ ಕೆತ್ತಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು ವಾಲಿಬಾಲ್ ಕೋರ್ಟ್ ಮಾಡಿದ್ದಾರೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆದರೆ ನಮ್ಮೂರು. ಸಂಜೆ ಆರರ ಮೇಲೆ ಲೈಟ್ ಹಾಕಿಕೊಂಡು ದೊಡ್ಡವರ ಆಟ. ಅದಕ್ಕೂ ಮೊದಲಿನ ಒಂದು ಗಂಟೆ ಮಕ್ಕಳಿಗೆ ಬಿಡಿ ಅಂತ ಕೇಳಿಕೊಂಡೆ, ಒಪ್ಪಿದರು. ಆರರಿಂದ ಒಂಬತ್ತನೇ ಕ್ಲಾಸಿನವರೆಗಿನ 18 ಮಕ್ಕಳು, ಅದರಲ್ಲಿ ಏಳು ಹುಡುಗಿಯರು. ಇರುವುದು ಎರಡು ಬಾಲ್. ನಾನು ಕೋಚ್ ಅಲ್ಲ. ಕಾಲೇಜಿನಲ್ಲಿ ಪಾಸರ್ ಆಗಿದ್ದೆ (ಹೊಡೆಯುವವನಿಗೆ ಬೆರಳಲ್ಲಿ ಬಾಲ್ ಎತ್ತಿಕೊಡುವವನು, ಪುಸ್ತಕದವರು ಸೆಟ್ಟರ್ ಅನ್ನುತ್ತಾರೆ), ಈಗ ಅಡಿಕೆ ತೋಟ ಮತ್ತು ಮಂಡಿನೋವು.

ಡಿಸೆಂಬರ್ 20

ಮೊದಲ ವಾರ ಪೂರ್ತಿ ತಪ್ಪೇ. ದೊಡ್ಡವರ ನೆಟ್ 2.43 ಮೀಟರಿನಲ್ಲಿತ್ತು, ಹಾಗೇ ಬಿಟ್ಟು ಆರಾರು ಜನರ ಆಟ ಆಡಿಸಿದೆ, ಉಳಿದ ಆರು ಮಕ್ಕಳು ಬದುವಿನ ಮೇಲೆ. ನಿನ್ನೆ ಕೂತವರ ಕೈಗೆ ನೋಟ್‌ಬುಕ್ ಕೊಟ್ಟು, ಯಾರ ಕೈಗೆ ಎಷ್ಟು ಸಲ ಬಾಲ್ ಸಿಕ್ಕಿತು ಬರೆಯಿರಿ ಅಂದೆ. ಇಪ್ಪತ್ತು ನಿಮಿಷದಲ್ಲಿ ಅಂಗಡಿಮನೆ ಹುಡುಗನಿಗೆ 31. ಹಿಂದಿನ ಮೂಲೆಯಲ್ಲಿ ನಿಂತಿದ್ದ ಕೆಳಮನೆ ಹುಡುಗಿಗೆ ನಾಲ್ಕು, ಅದರಲ್ಲಿ ಎರಡು ಅವಳು ಹೊರಗೆ ಹೋದ ಬಾಲ್ ಹೆಕ್ಕಿ ತಂದಿದ್ದು. ಇಪ್ಪತ್ತು ನಿಮಿಷದಲ್ಲಿ ಎರಡು ಸಲ ಮುಟ್ಟಿದರೆ ಯಾವ ಮಗು ಕಲಿಯುತ್ತದೆ?

ಡಿಸೆಂಬರ್ 28

ಕೋರ್ಟ್ 18 ಮೀಟರ್ ಉದ್ದ, 9 ಮೀಟರ್ ಅಗಲ. ನೆಟ್ ಬಿಚ್ಚಿಟ್ಟು, ಉದ್ದಕ್ಕೇ ನಡುವೆ ಹಗ್ಗ ಎಳೆದೆವು. ಈಗ ಹಗ್ಗದ ಈಚೆ ನಾಲ್ಕೂವರೆ ಮೀಟರ್, ಆಚೆ ನಾಲ್ಕೂವರೆ. ಆರಾರು ಮೀಟರಿಗೆ ಸುಣ್ಣದ ಗೆರೆ ಹಾಕಿದರೆ ಮೂರು ಪುಟ್ಟ ಕೋರ್ಟ್. ಒಂದೊಂದರಲ್ಲಿ ಮೂವರು ಎದುರು ಮೂವರು, ಒಟ್ಟು ಹದಿನೆಂಟೂ ಮಕ್ಕಳು ಒಳಗೆ, ಬದುವಿನ ಮೇಲೆ ಯಾರೂ ಇಲ್ಲ. ಅಷ್ಟುದ್ದದ ಹಗ್ಗ ಜೋತು ಬೀಳುತ್ತದೆ ಅಂತ ನಡುವೆ ಎರಡು ಅಡಿಕೆ ಕಂಬ ನೆಟ್ಟೆವು. ಹಗ್ಗ ಕಾಣಲೆಂದು ಹಳೇ ಸೀರೆಯ ಚೂರು ಕಟ್ಟಿದೆವು. ಎತ್ತರ ಎರಡು ಮೀಟರ್. ಮೂರನೇ ಬಾಲ್ ಬೇಕಾಗಿ ಶಿವಮೊಗ್ಗಕ್ಕೆ ಹೋದಾಗ ತಂದೆ.

ದೊಡ್ಡವರು ನೋಡಿ ನಕ್ಕರು. "ಎಂತ ಮಾರಾಯ, ಬಟ್ಟೆ ಒಣಗಿಸೋ ಹಗ್ಗವಾ?" ಆದರೆ ಕೆಳಮನೆ ಹುಡುಗಿಯ ಲೆಕ್ಕ ಇವತ್ತು 38.

ಜನವರಿ 11

ಮುಂಗೈ ಪಾಸಿಂಗ್, ಅಂದರೆ ಬಂದ ಬಾಲನ್ನು ಜೋಡಿಸಿದ ಮುಂಗೈಗಳ ಮೇಲೆ ತೆಗೆದುಕೊಂಡು ಎತ್ತುವುದು. ಹತ್ತು ದಿನದಿಂದ ಇದೊಂದೇ ತಲೆಬಿಸಿ. ಎಲ್ಲರೂ ಕೈ ಬೀಸುತ್ತಾರೆ, ಬಾಲ್ ಹಿಂದಿನ ತೋಟಕ್ಕೆ ಹಾರುತ್ತದೆ. "ಕೈ ನೆಟ್ಟಗಿಡು, ಮೊಣಕೈ ಬಗ್ಗಿಸಬೇಡ, ಮಂಡಿಯಿಂದ ಏಳು" ಅಂತ ಒಂದೇ ಉಸಿರಿಗೆ ಮೂರು ಮಾತು ಹೇಳಿದರೆ ಮಕ್ಕಳು ಮರದ ಬೊಂಬೆಯಾಗುತ್ತಾರೆ. ಮೊನ್ನೆ ಅಮ್ಮ ಅಕ್ಕಿ ಕೇರುತ್ತಿದ್ದಾಗ ಹೊಳೆಯಿತು: ಮೊರ ಹಿಡಿದ ಹಾಗೆ ಹಿಡಿ, ಆದರೆ ಕೇರಬೇಡ. ಮೊರ ಯಾವ ಕಡೆ ವಾಲಿರುತ್ತದೋ ಬಾಲ್ ಆ ಕಡೆ ಹೋಗುತ್ತದೆ. ಅಷ್ಟೇ ಹೇಳಿದೆ. ಸಂಜೆ ಹೊತ್ತಿಗೆ ಅರ್ಧ ಮಕ್ಕಳು ಬೀಸುವುದು ಬಿಟ್ಟಿದ್ದರು, ಉಳಿದವರು ಒಬ್ಬರಿಗೊಬ್ಬರು "ಕೇರ್ತಿದ್ದೀಯಾ ನೋಡು" ಅಂತ ಕೂಗುತ್ತಿದ್ದರು. ನನ್ನ ಗಂಟಲು ಉಳಿಯಿತು.

ಕೈ ಕೆಂಪಾಗುತ್ತದೆ ಅಂತ ಆರನೇ ಕ್ಲಾಸಿನ ಇಬ್ಬರು ಬರುವುದು ನಿಲ್ಲಿಸಿದ್ದರು. ನಿಯಮದ ಬಾಲ್ 260ರಿಂದ 280 ಗ್ರಾಂ, ಚಳಿಯಲ್ಲಿ ಗಟ್ಟಿ ಗಾಳಿ ತುಂಬಿದರೆ ಸಣ್ಣ ಕೈಗೆ ಕಲ್ಲು ಬಡಿದಂತೆ. ಅವರ ಬಾಲಿನ ಗಾಳಿ ಸ್ವಲ್ಪ ಇಳಿಸಿದೆ, ಉದ್ದ ತೋಳಿನ ಅಂಗಿ ಹಾಕಿ ಬನ್ನಿ ಅಂದೆ. ವಾಪಸ್ ಬಂದಿದ್ದಾರೆ.

ಫೆಬ್ರವರಿ 8

ಒಂದು ವಿಷಯ ನನ್ನನ್ನು ಕಾಡಿತು. ಎದುರುಬದುರು ನಿಂತು ಬಾಲ್ ಎಸೆದು ಪಾಸ್ ಮಾಡಿಸಿದಾಗ ಇಪ್ಪತ್ತಕ್ಕೆ ಹದಿನೈದು ಚೆಂದ ಬರುತ್ತದೆ. ಆಟ ಶುರುವಾಗಿ ಹಗ್ಗದ ಆಚೆಯಿಂದ ಸರ್ವಿಸ್ ಬಂದರೆ ಅದೇ ಮಗು ಕಂಬದಂತೆ ನಿಂತಿರುತ್ತದೆ. ಕೊನೆಗೆ ಅರ್ಥವಾಗಿದ್ದು, ಎಸೆದ ಬಾಲಿಗೆ ಕೈ ಸಾಕು, ಸರ್ವಿಸ್‌ಗೆ ಕಾಲು ಬೇಕು. ಕಾಲು ಹೊರಡಬೇಕಾದರೆ ಕಣ್ಣು ಮೊದಲು ಹೊರಡಬೇಕು. ಬಾಲ್ ಹಗ್ಗ ದಾಟಿದ ಮೇಲೆ ನೋಡಿದರೆ ತಡವಾಯಿತು, ಹೊಡೆಯುವವನ ಭುಜ, ಅಂಗೈ ನೋಡಬೇಕು. ಅದಕ್ಕೀಗ ಹೊಸ ಆಟ: ಸರ್ವಿಸ್ ಹೊಡೆದ ಕೂಡಲೇ, ಬಾಲ್ ಹಗ್ಗ ದಾಟುವುದರೊಳಗೆ, ಈಚೆಯವರು "ಮುಂದೆ" ಅಥವಾ "ಹಿಂದೆ" ಅಂತ ಕೂಗಬೇಕು. ಪಾಸ್ ಹಾಳಾದರೂ ಕೂಗು ಸರಿಯಿದ್ದರೆ ಒಂದು ಪಾಯಿಂಟ್.

ಒಂದೇ ಬಗೆಯ ಪಾಸನ್ನು ಐವತ್ತು ಸಲ ಮಾಡಿಸುವುದನ್ನೂ ಬಿಟ್ಟೆ. ಒಂದು ಉದ್ದ, ಒಂದು ಗಿಡ್ಡ, ಒಂದು ಎಡಕ್ಕೆ, ಹೀಗೆ ಕಲಸಿ ಕೊಟ್ಟರೆ ಅವತ್ತು ಆಟ ಗಲೀಜಾಗಿ ಕಾಣುತ್ತದೆ. ನೋಡಲು ಬಂದ ಅಪ್ಪಂದಿರು ಮುಖ ಸಿಂಡರಿಸುತ್ತಾರೆ. ಆದರೆ ಮುಂದಿನ ವಾರಕ್ಕೆ ಉಳಿದಿರುವುದು ಇದೇ.

ಮಾರ್ಚ್ 15

ಪರೀಕ್ಷೆ. ಹತ್ತು ದಿನ ರಜೆ.

ಏಪ್ರಿಲ್ 6

ಕಡೆಗೂ ಸ್ಮ್ಯಾಶ್, ಜಿಗಿದು ಮೇಲಿಂದ ಬಾಲ್ ಹೊಡೆಯುವುದು! ಡಿಸೆಂಬರಿನಿಂದ ಇದಕ್ಕೇ ಕಾಯುತ್ತಿದ್ದರು. ಬಾಲ್ ಕೊಡದೆ ಅಡಿಕೆ ಅಂಗಳದಲ್ಲಿ ಸೀಮೆಸುಣ್ಣದಿಂದ ಹೆಜ್ಜೆ ಬರೆದೆ. ಬಲಗೈಯವರಿಗೆ ಎಡ, ಬಲ, ಎಡ. ಮೊದಲನೆಯದು ನಿಧಾನ, ಕೊನೆಯ ಎರಡು ಟಪಟಪ. ಕೈ ಬೀಸುವುದನ್ನು ಹುಡುಗರಿಗೆ ನಾನು ಕಲಿಸಲೇ ಇಲ್ಲ. ಮಾವಿನಕಾಯಿಗೆ ಕಲ್ಲು ಹೊಡೆಯುವ ಕೈಯೇ ಅದು, ಮೊಣಕೈ ಮೇಲೆ, ಭುಜ ಹಿಂದೆ. ಹುಡುಗಿಯರಲ್ಲಿ ನಾಲ್ವರಿಗೆ ಮೊಣಕೈ ಏಳುತ್ತಿರಲಿಲ್ಲ. ಅವರಿಗೆ ಯಾರೂ ಕಲ್ಲು ಹೊಡೆಯಲು ಬಿಟ್ಟಿಲ್ಲ, ಅಷ್ಟೇ ಕಾರಣ. ಒಂದು ವಾರ ಹಳೇ ಟೆನಿಸ್ ಬಾಲ್ ಕೊಟ್ಟು ಹಗ್ಗದ ಮೇಲಿಂದ ದೂರ ಎಸೆಯುವ ಪಂದ್ಯ ಇಟ್ಟೆ. ಮನೆ ಹಿಂದಿನ ಕಾಟುಮಾವಿನ ಮರವನ್ನೂ ಅವರಿಗೇ ಬಿಟ್ಟುಕೊಟ್ಟೆ. ಈಗ ಕೆಳಮನೆಯವಳ ಹೊಡೆತಕ್ಕೆ ಅಂಗಡಿಮನೆಯವನು ಹಿಂದೆ ಸರಿದು ನಿಲ್ಲುತ್ತಾನೆ.

ಏಪ್ರಿಲ್ 27

ಎಂಟನೇ ಕ್ಲಾಸಿನ ಉದ್ದ ಹುಡುಗ ಕುಂಟುತ್ತ ಬಂದ. ಮಂಡಿಚಿಪ್ಪಿನ ಕೆಳಗಿನ ಮೂಳೆ ಉಬ್ಬು ಮುಟ್ಟಿದರೆ ನೋವು. ತೀರ್ಥಹಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದರು: ಸರ್ರನೆ ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಜಿಗಿದರೆ, ತೊಡೆಯ ಸ್ನಾಯು ಮೂಳೆಗೆ ಅಂಟುವ ಜಾಗವನ್ನು ಎಳೆದೆಳೆದು ಹೀಗಾಗುತ್ತದೆ, ಜಿಗಿತ ಕಡಿಮೆ ಮಾಡಿ ಅಂದರು. ತಪ್ಪು ನನ್ನದು. ಸ್ಮ್ಯಾಶ್ ಹುಮ್ಮಸ್ಸಿನಲ್ಲಿ ಬಿಸಿಲಿಗೆ ಕಬ್ಬಿಣದಂತಾದ ಗದ್ದೆಯ ಮೇಲೆ ದಿನಾ ಜಿಗಿಸಿದೆ. ಇನ್ನು ವಾರಕ್ಕೆ ಎರಡೇ ದಿನ ಜಿಗಿತ, ಎರಡೂ ಕಾಲಿನ ಮೇಲೆ ಮಂಡಿ ಬಗ್ಗಿಸಿ ಇಳಿಯುವುದು ಕಡ್ಡಾಯ, "ದಪ್" ಅಂತ ಸದ್ದು ಬಂದರೆ ಆ ಪಾಯಿಂಟ್ ಎದುರಿನವರಿಗೆ. ಆ ಹುಡುಗನಿಗೆ ಸದ್ಯಕ್ಕೆ ನಿಂತಲ್ಲೇ ಪಾಸರ್ ಕೆಲಸ. ಬೆರಳು ಮೃದು ಇದೆ ಅವನದು. ನೋವು ಬರದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಜೂನ್ 22

ಮಳೆ ಹಿಡಿಯಿತು. ಕೋರ್ಟ್ ಮತ್ತೆ ಗದ್ದೆಯಾಯಿತು, ಉಳುಮೆ ಶುರು. ಕಂಬ ಕಿತ್ತು ಕೊಟ್ಟಿಗೆಗೆ ಹಾಕಿದೆವು. ಈಗ ನಮ್ಮ ಅಡಿಕೆ ಗೋದಾಮೇ ಗತಿ. ಮಾಡು ತಗ್ಗು, ಎತ್ತರದ ಬಾಲ್ ಆಗದು. ಹಾಗಾಗಿ ಗೋಡೆಗೆ ಹೊಡೆದು ಹಿಡಿಯುವುದು, ಕೂತು ಬೆರಳಲ್ಲಿ ಪಾಸ್ ಮಾಡುವುದು, ನೆಲಕ್ಕೆ ಬೀಳುವ ಬಾಲನ್ನು ಬಗ್ಗಿ ಎತ್ತುವುದು. ಬಾಲ್ ಒಂದು ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ಕೊಪ್ಪರಿಗೆಗೆ ಬಿದ್ದು ಕೆಂಪಾಯಿತು, ಈಗ ಅದಕ್ಕೆ ಕೆಂಪಡಿಕೆಯದೇ ಹೆಸರು, ರಾಶಿ ಇಡಿ.

ಆಗಸ್ಟ್ 24

ಹೋಬಳಿ ಮಟ್ಟದ ಪಂದ್ಯ, ಹುಡುಗರದು. ಜಿಟಿಜಿಟಿ ಮಳೆ, ಕೆಸರು. ಎರಡು ನೇರ ಸೆಟ್‌ನಲ್ಲಿ ಸೋತರು. ಎದುರಿನ ತಂಡ ಸರ್ವಿಸ್ ಬಿಟ್ಟು ಬೇರೇನೂ ಕಲಿತಿರಲಿಲ್ಲ. ಕೆಳಗಿನಿಂದ ಎತ್ತರಕ್ಕೆ ತೇಲಿಸುವುದು, ಬಂದ ಬಾಲನ್ನು ಒಂದೇ ಏಟಿಗೆ ವಾಪಸ್ ತಳ್ಳುವುದು. ಈ ವಯಸ್ಸಿನಲ್ಲಿ ಗೆಲ್ಲಲು ಅಷ್ಟು ಸಾಕು, ಸುಳ್ಳಲ್ಲ. ನಮ್ಮವರು ಪಾಸ್, ಬೆರಳು, ಹೊಡೆತ ಅಂತ ಮೂರು ಮುಟ್ಟು ಕಟ್ಟಲು ಹೋಗಿ ಜಾರಿ ಬಿದ್ದರು. ಲೆಕ್ಕ ಬರೆಯಲು ಬಂದಿದ್ದ ಕೆಳಮನೆ ಹುಡುಗಿಯ ನೋಟ್‌ಬುಕ್‌ನಲ್ಲಿ ಮೂರೂ ಮುಟ್ಟು ಕೂಡಿ ಆಚೆ ದಾಟಿದ್ದು 17 ಸಲ ಅಂತಿದೆ.

ಜೀಪಿನಲ್ಲಿ ಬರುವಾಗ ಯಾರೂ ಮಾತಾಡಲಿಲ್ಲ. ಅಂಗಡಿಮನೆಯವನು ಮಾತ್ರ, "ಸರ್, ನಾವೂ ಹಂಗೇ ಒಂದೇ ಏಟಿಗೆ ತಳ್ಳಿದ್ರೆ ಗೆಲ್ತಿದ್ವಾ?" ಅಂದ. ಗೆಲ್ಲಬಹುದಿತ್ತು ಅಂದೆ. ಅವನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಅದು ಬೋರು" ಅಂದ.

ಸೆಪ್ಟೆಂಬರ್ 7

ಸರ್ವಿಸ್ ಕಡೆಗಣಿಸಿದ್ದು ನನ್ನ ತಪ್ಪೇ. ಅದಕ್ಕೆ ಜಾಗ ಬೇಕು, ಜಾಗಕ್ಕೆ ಡಿಸೆಂಬರ್ ಬರಬೇಕು. ಅಲ್ಲಿಯವರೆಗೆ ಗೋದಾಮಿನ ಗೋಡೆಗೆ ಎರಡು ಮೀಟರ್ ಎತ್ತರದಲ್ಲಿ ಗೆರೆ ಎಳೆದಿದ್ದೇನೆ. ಆರು ಮೀಟರ್ ದೂರದಿಂದ ಗೆರೆಯ ಮೇಲೆ, ಮಾಡಿಗೆ ತಾಗದ ಹಾಗೆ ಹೊಡೆಯಬೇಕು. ಬಾಲ್ ತಿರುಗದ ಹಾಗೆ ಅಂಗೈಯಿಂದ ಗಟ್ಟಿಯಾಗಿ ತಟ್ಟಿ ಕೈ ಅಲ್ಲೇ ನಿಲ್ಲಿಸಿದರೆ ಬಾಲ್ ಗಾಳಿಯಲ್ಲಿ ಓಲಾಡುತ್ತದೆ, ಹಿಡಿಯುವವರಿಗೆ ಕಷ್ಟ. ಉದ್ದ ಹುಡುಗನ ಮಂಡಿ ಈಗ ನೋಯುತ್ತಿಲ್ಲವಂತೆ. ಜಿಗಿಯಲಾ ಅಂತ ದಿನಾ ಕೇಳುತ್ತಾನೆ. ಇನ್ನೊಂದು ತಿಂಗಳಿಗೆ ಅಡಿಕೆ ಕೊನೆಕೊಯ್ಲು (ಗೊನೆ ಇಳಿಸುವುದು), ಗೋದಾಮು ಖಾಲಿ ಮಾಡಿಕೊಡು ಅಂತ ಅಪ್ಪಯ್ಯ ಆಗಲೇ ಎರಡು ಸಲ ಹೇಳಿಯಾಯಿತು.