ಚಿತ್ತಿ ಮಳೆ ಮತ್ತು ನಾಲ್ಕು ಎಕರೆಯ ಜಗಳ

ಗದಗಿನಿಂದ ಹೊರಟ ಸಂಜೆ ಬಸ್ಸು ಮುಳಗುಂದ ದಾಟುವಾಗ ಮೊದಲ ಹನಿ ಕಿಟಕಿಗೆ ಬಡಿಯಿತು. ಪಕ್ಕದ ಸೀಟಿನಾಕೆ "ಬಂತ್ ನೋಡ್ರಿ ಚಿತ್ತಿ" ಎಂದು ಸೆರಗು ಹೊದ್ದಳು. ನನ್ನ ಜೀವ ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿತ್ತು. ಆವತ್ತು ಬೆಳಿಗ್ಗೆಯಷ್ಟೇ ಎರಡು ಎಕರೆ ಶೇಂಗಾ ಕೀಳಿಸಿ, ಕಾಯಿ ಮೇಲೆ ಮಾಡಿ ಒಣಗಲು ಹರವಿದ್ದರು. ಆಳಿನ ಪಗಾರವೂ ಕೊಟ್ಟಾಗಿತ್ತು.

ಮನೆ ಮುಟ್ಟಿದಾಗ ಮಾವ ಕಟ್ಟೆಯ ಮೇಲೆ ಕೂತು ಮಳೆ ನೋಡುತ್ತ ನಗುತ್ತಿದ್ದರು. ಸುಳ್ಳಲ್ಲ, ನಗುತ್ತಿದ್ದರು.

"ಎರಿಗೆ ಹಸಿ ಆತ್ ನೋಡವಾ. ಇನ್ನ ಎಂಟ್ ದಿನಕ್ಕ ಹದ ಬರ್ತದ." ಎರಿ ಅಂದರೆ ಕಪ್ಪು ಮಣ್ಣಿನ ಹೊಲ, ಹದ ಅಂದರೆ ಬಿತ್ತಲು ಬೇಕಾದಷ್ಟೇ ತೇವ.

ಇವರು ಅಂಗಳದಲ್ಲಿ ತಾಡಪತ್ರಿ ಬಿಚ್ಚಿಕೊಂಡು ನಿಂತಿದ್ದರು. ಇಲಿ ಕಡಿದು ಮೂರು ಕಡೆ ತೂತು. ಒಂದರಲ್ಲಿ ನನ್ನ ಟಿಫಿನ್ ಡಬ್ಬಿ ಸಲೀಸಾಗಿ ತೂರುತ್ತಿತ್ತು. ಅಪ್ಪ ನಗುವುದು, ಮಗ ಹಲ್ಲು ಕಡಿಯುವುದು, ಎರಡೂ ಅದೇ ಮಳೆಗೆ.

ನಮ್ಮ ಮನೆಯಲ್ಲಿ ಮಳೆಗೆ ನಕ್ಷತ್ರದ ಹೆಸರಿಲ್ಲದೆ ಮಾತಿಲ್ಲ. ಆಗಸ್ಟಿನ ಮಘಿ ಬಗ್ಗೆ ಯಾರದೂ ತಕರಾರಿಲ್ಲ. "ಮಘಿ ಮಳಿ ಬಂದಷ್ಟು ಚಲೋ, ಮನಿ ಮಗ ಉಂಡಷ್ಟು ಚಲೋ" ಎಂದು ಅತ್ತಿ ಈಗಲೂ ರೊಟ್ಟಿ ಬಡಿಯುತ್ತ ಅನ್ನುತ್ತಾರೆ. ಆಮೇಲೆ ಹುಬ್ಬಿ, ಉತ್ತರಿ, ಹಸ್ತಿ. ಅಕ್ಟೋಬರ್ 10ರ ಸುಮಾರಿಗೆ ಚಿತ್ತಿ ಕೂಡುತ್ತದೆ, 24ರ ಸುಮಾರಿಗೆ ಸ್ವಾತಿ. ಶಾಲೆಯಲ್ಲಿ ನಾನು ಇದನ್ನೇ ನೈರುತ್ಯ ಮಾರುತ ಹಿಂದೆ ಸರಿದು ಈಶಾನ್ಯದ ಗಾಳಿ ಬೀಸತೊಡಗುವ ಕಾಲ ಎಂದು ಬೋರ್ಡಿನ ಮೇಲೆ ಬಾಣ ಬರೆದು ಕಲಿಸುತ್ತೇನೆ. ಬೋರ್ಡಿನ ಮೇಲೆ ಅದು ಬಹಳ ನೀಟಾಗಿ ಕಾಣುತ್ತದೆ. ಹೊಲದಲ್ಲಿ ಮಾತ್ರ ಮುಂಗಾರಿ ಪೀಕು ಇನ್ನೂ ಒಳಗೆ ಬಂದಿರುವುದಿಲ್ಲ, ಹಿಂಗಾರಿ ಬೀಜ ಇನ್ನೂ ಹೊರಗೆ ಹೋಗಿರುವುದಿಲ್ಲ. ಒಂದಕ್ಕೆ ಬಿಸಿಲು ಬೇಕು, ಇನ್ನೊಂದಕ್ಕೆ ಮಳೆ.

ಮಳೆ ನಾಲ್ಕು ದಿನ ಹಿಡಿಯಿತು. ಶೇಂಗಾ ಸಾಲಿನಲ್ಲೇ ನೆನೆಯಿತು. ನಮ್ಮ ಕಡೆ ಹಳೆಯ ಗೊಂಚಲು ತಳಿಗಳೇ ಹೆಚ್ಚು. ಬಲಿತ ಮೇಲೆ ಸ್ವಲ್ಪ ದಿನ ಮಲಗಿರುವ ಗುಣ ಈ ಬೀಜಕ್ಕಿಲ್ಲ, ಹಸಿ ಸಿಕ್ಕರೆ ಸಾಕು, ಕಾಯಿಯೊಳಗೇ ಮೊಳಕೆ ಬಿಡುತ್ತದೆ. ಐದನೆಯ ದಿನ ಹೋಗಿ ಒಂದು ಕಾಯಿ ಒಡೆದೆ. ಎರಡು ಕಾಳಿನ ನಡುವೆ ಬಿಳಿ ಮೊಳಕೆ ಬೆರಳು ಮಡಚಿದಂತೆ ಕೂತಿತ್ತು. ಪಕ್ಕದ್ದು ಒಡೆದೆ, ಅದೂ ಅಷ್ಟೇ. ಇಂಥ ಕಾಯಿಯನ್ನು ಗದಗಿನ ಪೇಟೆಗೆ ಒಯ್ದರೆ ಹೇಳಿದ ರೇಟಿಗೆ ಕೊಟ್ಟು ಬರಬೇಕು.

ಕಾಯಿಗಿಂತ ನನ್ನ ಹೊಟ್ಟೆ ಉರಿಸಿದ್ದು ಬಳ್ಳಿ. ಒಣಗಿದ ಶೇಂಗಾ ಬಳ್ಳಿಯಂಥ ಮೇವಿಲ್ಲ. ಎಮ್ಮೆಗಳು ಕಣಿಕಿ, ಅಂದರೆ ಜೋಳದ ಒಣ ದಂಟು, ಬಿಟ್ಟು ಅದಕ್ಕೆ ಬಾಯಿ ಹಾಕುತ್ತವೆ. ನೆನೆದು ಮಡಿಕೆ ಬಿದ್ದ ಬಳ್ಳಿ ಮೂರೇ ದಿನದಲ್ಲಿ ಕಪ್ಪಾಗಿ, ತಿರುವಿ ಹಾಕಿದರೆ ಬೂಸ್ಟಿನ ಹೊಗೆ ಏಳುತ್ತಿತ್ತು. ಆ ಬೂಸ್ಟಿನ ವಿಷ ಹಾಲಿಗೂ ಇಳಿಯುತ್ತದೆ ಎಂದು ಗೊತ್ತಿದ್ದರಿಂದ ನಾನು ಹಟ ಹಿಡಿದು ಅರ್ಧಕ್ಕೂ ಹೆಚ್ಚನ್ನು ತಿಪ್ಪೆಗೆ ಹಾಕಿಸಿದೆ. "ಸಾಲಿ ಓದಿದಾಕಿ ದನಕ್ಕ ಉಪಾಸ ಕೆಡವ್ತಾಳ" ಎಂದು ಅತ್ತಿ ನನಗೆ ಕೇಳಿಸುವಷ್ಟೇ ಸಣ್ಣಗೆ ಅಂದರು.

ಇಲ್ಲಿಂದ ನಾಲ್ಕು ಎಕರೆಯ ಜಗಳ ಶುರು. ಹೆಸರುಕಾಳಿನ ಪೀಕು ಕಿತ್ತ ಮೇಲೆ ಹರಗಿ ಬಿಟ್ಟ ಎರಿ ಹೊಲ ಅದು. ಇವರು ನಾಲ್ಕಕ್ಕೆ ನಾಲ್ಕೂ ಎಕರೆ ಕಡಲಿ ಅಂದರು. ಮಾವ ಬಿಳಿಜೋಳ ಅಂದರು.

ಇವರ ಲೆಕ್ಕ ಕಾಗದದ ಮೇಲೆ ಗಟ್ಟಿ. 2025ರ ಸುಗ್ಗಿಗೆ ಕಡಲೆಯ ಬೆಂಬಲ ಬೆಲೆ ಕ್ವಿಂಟಲ್‌ಗೆ 5,650 ರೂಪಾಯಿ ಇತ್ತು, ಮಾಲದಂಡಿ ಎಂಬ ಬಿಳಿಜೋಳದ್ದು 3,421. ಕಡಲೆ ಮೂರು, ಮೂರೂವರೆ ತಿಂಗಳಲ್ಲಿ ಮುಗಿಯುತ್ತದೆ, ಮಷಿನ್ ಬಂದು ಅರ್ಧ ದಿನದಲ್ಲಿ ಕೊಯ್ದು ಕೊಟ್ಟು ಹೋಗುತ್ತದೆ. ಜೋಳ ಕೊಯ್ಯಲು, ತೆನೆ ಮುರಿಯಲು, ಸೂಡು ಕಟ್ಟಲು ಆಳು ಎಲ್ಲಿದೆ? ಹಕ್ಕಿ ಕಾಯುವವರು ಯಾರು? ನಮ್ಮೂರಿನ ಎರಿಯಲ್ಲಿ ಜೋಳ ಸರಿದು ಕಡಲಿ ತುಂಬಿದ್ದು ಇದೇ ಕಾರಣಕ್ಕೆ.

ಮಾವ ಕ್ವಿಂಟಲ್ ಮಾತೇ ಆಡಲಿಲ್ಲ. "ಎಮ್ಮಿ ಏನ್ ತಿನ್ನಬೇಕು?" ಇಷ್ಟೇ.

ನಮ್ಮವು ಎರಡು ಧಾರವಾಡಿ ಎಮ್ಮೆ, ಇನ್ನೂ ಈಯದ ಒಂದು ಮಣಕ. ಕೋಡು ಅರ್ಧಚಂದ್ರದ ಹಾಗೆ ಹಿಂದಕ್ಕೆ ಬಾಗಿದ ಈ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಎಂಬ ಮಾನ್ಯತೆ ಸಿಕ್ಕಿತು. ಅದಕ್ಕೂ ಮೊದಲಿನಿಂದ ಧಾರವಾಡ ಪೇಡೆಗೆ ಹಾಲು ಕೊಡುತ್ತ ಬಂದದ್ದು ಇದೇ. ಒಂದು ಎಮ್ಮೆಗೆ ದಿನಕ್ಕೆ 6–7 ಕೆ.ಜಿ. ಒಣ ಮೇವು ಹಿಡಿದರೂ ಎರಡಕ್ಕೆ ವರ್ಷಕ್ಕೆ ಹತ್ತಿರಹತ್ತಿರ 5 ಟನ್. ಕಡಲಿ ಹೊಟ್ಟು ರುಚಿಯಾದ ಮೇವು, ಆದರೆ ಮಷಿನ್ ಅದನ್ನು ಹೊಲದ ತುಂಬ ಊದಿ ಹೋಗುತ್ತದೆ. ಜೋಳದ ಕಣಿಕಿ ಬಣವಿ ಒಟ್ಟಿದರೆ ಮುಂದಿನ ಮಳೆಗಾಲದ ತನಕ ನಿಲ್ಲುತ್ತದೆ. ಹಾಲು ಹಿಂಡುವವಳು ನಾನು. ಆದ್ದರಿಂದ ಹೇಳಿಕೊಳ್ಳದಿದ್ದರೂ ಒಳಗೊಳಗೆ ಮಾವನ ಪಕ್ಷ.

2023 ನೆನಪಿತ್ತು. ಆ ವರ್ಷ ಆಗಸ್ಟ್ ಪೂರಾ ಒಣಗಿ, ಸೆಪ್ಟೆಂಬರಿನಲ್ಲಿ ಸರಕಾರ 195 ತಾಲೂಕುಗಳನ್ನು ಬರಪೀಡಿತ ಎಂದು ಸಾರಿತು. ಎರಿ ನೆಲ ಕೈ ಇಳಿಯುವಷ್ಟು ಬಿರುಕು ಬಿಟ್ಟಿತ್ತು. ಓಣಿಯ ಒಬ್ಬರು ಮೊಣಕಾಲೆತ್ತರಕ್ಕೇ ಬಾಡಿ ನಿಂತ ಜೋಳಕ್ಕೆ, ಹೇಗೂ ತೆನೆ ಬರುವುದಿಲ್ಲವೆಂದು, ಎತ್ತು ಬಿಟ್ಟರು. ಅರ್ಧ ತಾಸಿನಲ್ಲಿ ಎತ್ತು ನಡುಗಿ, ಏದುಸಿರು ಬಿಟ್ಟು ಬಿತ್ತು. ಎಳೆಯ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಸೊರಗಿದ ಗಿಡದಲ್ಲಿ, ಸಯನೈಡ್ ಆಗಿ ಒಡೆಯುವ ಅಂಶ ಹೆಚ್ಚಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶ ಅದನ್ನು ಬಳಸಲಾರದು. ಹತ್ತನೆಯ ತರಗತಿಗೆ ಉಸಿರಾಟದ ಪಾಠ ಮಾಡುವವಳು ನಾನು, ಪಕ್ಕದ ಮನೆಯವರಿಗೆ ಈ ಮಾತು ಮೊದಲೇ ಹೇಳಿರಲಿಲ್ಲ. ದನದ ಡಾಕ್ಟರು ಇಂಜೆಕ್ಷನ್ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಬೇಸಿಗೆ ನಾವು ಕಣಿಕಿಯನ್ನು ದುಡ್ಡು ಕೊಟ್ಟು ತಂದೆವು, ಅದೂ ಲಾರಿಯವನು ಎಣಿಸಿದ್ದೇ ಸೂಡು.

ಮಳೆ ನಿಂತ ಆರನೆಯ ದಿನ ಮಾವ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಹೊಲಕ್ಕೆ ಹೊರಟರು. ಭಾನುವಾರ, ನಾನೂ ಹೋದೆ. ಮೇಲಿನ ನಾಲ್ಕು ಬೆರಳು ಮಣ್ಣು ಸರಿಸಿ, ಕೆಳಗಿನದನ್ನು ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಿ, ಸೊಂಟದೆತ್ತರದಿಂದ ಕೈಬಿಟ್ಟರು. ಉಂಡೆ ಹಿಟ್ಟಿನಂತೆ ಚಪ್ಪಟೆಯಾಗಿ ಕೂತಿತು. "ಇನ್ನಾ ಹಸಿ." ಎರಡು ದಿನ ಬಿಟ್ಟು ಮತ್ತೆ ಅದೇ. ಈ ಸಲ ನಾಲ್ಕು ಹೋಳಾಗಿ ಒಡೆಯಿತು. ಒಂದು ಹೋಳನ್ನು ಮೂಗಿನ ಹತ್ತಿರ ಹಿಡಿದರು. ಏನು ವಾಸನೆ ನೋಡುತ್ತಾರೋ, ಕೇಳಿದರೆ ಹೇಳುವುದಿಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾಗುವ ನಮ್ಮ ಸೀಮೆಯಲ್ಲಿ ಹಿಂಗಾರಿ ಪೀಕು ಬಹುಪಾಲು ಈ ಮಣ್ಣು ಕುಡಿದಿಟ್ಟ ನೀರಿನ ಮೇಲೆಯೇ ಫೆಬ್ರವರಿ ತನಕ ಬದುಕಬೇಕು. ಹಸಿಯಲ್ಲಿ ಬಿತ್ತಿದರೆ ಬೀಜ ಕೊಳೆಯುತ್ತದೆ, ಟ್ರ್ಯಾಕ್ಟರ್ ಗಾಲಿ ನೆಲವನ್ನು ಹೆಂಟೆ ಮಾಡುತ್ತದೆ. ನಾಲ್ಕು ದಿನ ತಡವಾದರೆ ಮೇಲಿನ ಮಣ್ಣು ಆರಿ ಬೀಜಕ್ಕೆ ಹಸಿ ಮುಟ್ಟುವುದಿಲ್ಲ. ನಡುವಿನ ಆ ಮೂರ್ನಾಲ್ಕು ದಿನ ಊರಿಗೆಲ್ಲ ಒಂದೇ ಸಲ ಬರುತ್ತದೆ, ಟ್ರ್ಯಾಕ್ಟರ್ ಇರುವುದು ಮಾತ್ರ ಹತ್ತೋ ಹನ್ನೆರಡೋ.

ನಮ್ಮ ಪಾಳಿ ರಾತ್ರಿ ಒಂಬತ್ತಕ್ಕೆ ಬಂತು. ಕಡೆಗೆ ಎರಡೂವರೆ ಎಕರೆ ಕಡಲಿ, ಒಂದೂವರೆ ಎಕರೆ ಜೋಳ, ಸುತ್ತ ಕುಸುಬಿಯ ಸಾಲು. ಇಬ್ಬರಿಗೂ ಸಮಾಧಾನವಿಲ್ಲ. ಕುಸುಬಿ ಮುಳ್ಳು ದನವನ್ನು ತಡೆಯುತ್ತದೆ, ಕುರಿಯನ್ನೂ ತಕ್ಕಮಟ್ಟಿಗೆ.

ಕುರಿ ಅಂದದ್ದಕ್ಕೆ ನೆನಪಾಯಿತು. ಪ್ರತಿ ವರ್ಷ ನಮ್ಮ ಮಸಾರಿಯಲ್ಲಿ ಶೇಂಗಾ ಎದ್ದ ಮೇಲೆ ಒಂದು ಹಿಂಡು ತರುಬುತ್ತದೆ. ನಾಲ್ಕು ರಾತ್ರಿ ಕುರಿ ಮಲಗಿದರೆ ಗೊಬ್ಬರದ ಚೀಲ ಉಳಿಯುತ್ತದೆ. ಕುರಿಯವರಿಗೆ ಕಾಳು ಕಡಿ, ಮೇಲೆ ಸ್ವಲ್ಪ ರೊಕ್ಕ. ಈ ಸಲ ಹಿಂಡಿನ ಹಿರಿಯ ಫೋನ್ ಮಾಡಿದ. "ಅಕ್ಕಾರ, ಎರಿ ದಾಟೂದ್ ಆಗವಲ್ತು. ರಾಡಿಯೊಳಗ ಕಾಲ ಕೊಳೀತಾವು. ಗುಡ್ಡದ ಬಗಲಿಗೆ ಅದೀವಿ." ಗುಡ್ಡವೆಂದರೆ ಕಪ್ಪತಗುಡ್ಡ. 2019ರಲ್ಲಿ ಅದು ವನ್ಯಜೀವಿಧಾಮವಾದ ಮೇಲೆ ಎಲ್ಲೆಲ್ಲಿ ಮೇಯಿಸಬಹುದು ಎಂಬುದೇ ಅವರಿಗೆ ದಿನದ ತಲೆಬಿಸಿ. ಹಸಿರೇನೋ ಈಗ ಎಲ್ಲೆಲ್ಲೂ ಇದೆ, ಊರ ದನ ಮೇಯುವ ಗಾಯರಾಣದಲ್ಲೂ ಒಡ್ಡಿನ ಮೇಲೂ. ಆದರೆ ಎಳೆ ಹುಲ್ಲು ಹೊಟ್ಟೆಬಾಕನಂತೆ ತಿಂದ ಮರಿಗಳಿಗೆ ಕರುಳು ಬೇನೆ, ತೇವದಲ್ಲಿ ಹುಟ್ಟುವ ಸಣ್ಣ ನೊಣ ಕಚ್ಚಿದರೆ ನೀಲಿ ನಾಲಿಗೆ ರೋಗ. ಹುಲ್ಲು ಒಣಗಿತೆಂದರೆ ಈಟಿಮೂತಿಯ ಬೀಜ ಉಣ್ಣೆಯೊಳಗೆ ಹೊಕ್ಕು ಚರ್ಮ ಚುಚ್ಚುತ್ತದೆ. ಅವನ ಹಿಂಡಿನಲ್ಲಿ ಏಳು ಕುರಿಗೆ ಬಾಯಿ ಊದಿತ್ತಂತೆ. ಮೂರು ಸತ್ತಿದ್ದವು. "ಲಸಿಕಿ ಹಾಕ್ಸಿದ್ದಿಲ್ಲೇನು?" ಅಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಬರೀ ಕುರಿಯ ಸದ್ದು.

ಈಗ ನವೆಂಬರ್ ಮೂರನೆಯ ವಾರ. ಸ್ವಾತಿ ಒಂದೇ ದಿನ ಹದವಾಗಿ ಬಂದು ಹೋಯಿತು. ಕಡಲಿ ಗೇಣುದ್ದ ಎದ್ದಿದೆ, ಮೊನ್ನೆ ಕುಡಿ ಚಿವುಟಿ ಪಲ್ಯ ಮಾಡಿದೆವು. ಬೆಳಗಿನ ಜಾವ ಥಂಡಿ ಶುರುವಾಗಿದೆ. ಅತ್ತಿ ರಾತ್ರಿ ಹಳೆಯ ಬಿಳಿ ಧೋತರ ಒಯ್ದು ಕಡಲಿ ಸಾಲಿನ ಮೇಲೆ ಹಾಸಿ ಬರುತ್ತಾರೆ. ನಸುಕಿನಲ್ಲಿ ಇಬ್ಬನಿಯ ಜೊತೆ ಎಲೆಯ ಹುಳಿ ಬಟ್ಟೆಗೆ ಇಳಿದಿರುತ್ತದೆ. ಹಿಂಡಿ ಬಾಟಲಿಗೆ ತುಂಬಿದರೆ ಹೊಟ್ಟೆನೋವಿನ ಔಷಧಿ. ನಿನ್ನೆ ಹಿಂಡಿದ್ದು ಬರೀ ಅರ್ಧ ಲೋಟ. ಬೆರಳಿಗೆ ಹಚ್ಚಿ ನೆಕ್ಕಿದೆ, ಹಲ್ಲು ಚಳಿ ಹಿಡಿಯಿತು. ಒಂದು ಮಳೆ ಬಿದ್ದರೆ ಈ ಹುಳಿಯೆಲ್ಲ ತೊಳೆದುಹೋಗುತ್ತದೆ, ಹುಳ ಏರುತ್ತದೆ ಎಂದು ಇವರ ಆತಂಕ. ಆಚೆ ಒಂದೂವರೆ ಎಕರೆಯಲ್ಲಿ ಜೋಳ ಎಲೆ ಸುರುಳಿ ಮಾಡಿಕೊಳ್ಳತೊಡಗಿದೆ. ಮಾವ ದಿನಾ ಬಡಿಗೆ ಊರಿಕೊಂಡು ಹೋಗಿ ಅದರ ಬುಡದಲ್ಲಿ ನೆಲ ಎಷ್ಟು ಬಾಯಿ ಬಿಟ್ಟಿದೆ ನೋಡಿ ಬರುತ್ತಾರೆ. ಬಿರುಕು ಮುಚ್ಚಲು ಸಾಲಿನ ನಡುವೆ ಎತ್ತಿನ ಕುಂಟೆಯಿಂದ ಎಡೆ ಹೊಡೆಸಬೇಕು. ನಮ್ಮ ಎತ್ತು ಮಾರಿ ಆರು ವರ್ಷವಾಯಿತು, ಬಾಡಿಗೆ ಜೋಡಿ ಸಿಕ್ಕಿಲ್ಲ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಟಿವಿಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಬಂತು. ಇವರ ತುತ್ತು ಕೈಯಲ್ಲೇ ನಿಂತಿತು. ಮಾವ "ಯಾವ ದಿಕ್ಕಿಗೆ ಅಂತ?" ಎಂದು ಟಿವಿಯ ಹತ್ತಿರ ಸರಿದು ಕೂತರು. ಅತ್ತಿ ಧೋತರ ತರಲು ಟಾರ್ಚ್ ಹಿಡಿದು ಹೊರಟರು. ನಾನು ಕೈ ತೊಳೆದು ಸೂಜಿ ದಾರ ಹುಡುಕಿದೆ. ತಾಡಪತ್ರಿಯಲ್ಲಿ ಇನ್ನೂ ಎರಡು ತೂತು ಹಾಗೇ ಇದ್ದವು.