ಗಟರ್ ಸೊಟ್ಟ ಕಾಣುತ್ತೆ ಅಂದ್ರು, ನಾನು ಬಿಡಿ ಹಾಗೇ ಇರ್ಲಿ ಅಂದೆ

ಸಾಗರದ ಕಡೆ ಒಂದು ಸಣ್ಣ ಕಂಟ್ರಾಕ್ಟ್ ಆಫೀಸಲ್ಲಿ ಸೈಟ್ ಸೂಪರ್‌ವೈಸರ್ ನಾನು, ಹನ್ನೊಂದು ವರ್ಷ ಆಯ್ತು. ಹಂಚಿನ ಮನೆ ರಿಪೇರಿ, ಕೊಟ್ಟಿಗೆಗೆ ಶೀಟು, ಅಡಿಕೆ ಶೆಡ್ಡು ಇಂಥವೇ ಜಾಸ್ತಿ. ಗಟರ್ ಅಂದ್ರೆ ಸೂರಿನ ಅಂಚಲ್ಲಿ ಮಳೆನೀರು ಹಿಡಿಯೋಕೆ ಕಟ್ಟೋ ದೋಣಿ, ಆ ಕೆಲಸ ನಮ್ಮವರು ಮಾಡಲ್ಲ, ಹೊರಗಿನವರಿಗೆ ಕೊಡ್ತೀವಿ, ಆದ್ರೆ ಸೋರಿದಾಗ ಫೋನ್ ಬರೋದು ನಂಗೆ.

ಮೂರು ವರ್ಷದ ಹಿಂದೆ ಹೊಸನಗರ ಕಡೆ ಒಂದು ಹಳೇ ಮನೆ. 40 ಅಡಿ ಉದ್ದದ ಸೂರು, ಮಂಗಳೂರು ಹಂಚು. ಮೊದ್ಲು ಅಡಿಕೆ ಮರ ಸೀಳಿ ಮಾಡಿದ ದಂಬೆನೇ ಗಟರ್ ಅಂತ ಕಟ್ಟಿದ್ರು, ಅದು ಲಡ್ಡಾಗಿ, ಅಂದ್ರೆ ಕೊಳೆತು ಬಿದ್ದಿತ್ತು, ಕಲರ್ ಶೀಟ್ ಗಟರ್ ಹಾಕ್ಸಿ ಅಂದ್ರು. ಮೇ ಕೊನೇ ವಾರ, ಯಾರ್ ಸಿಕ್ಕಿದ್ರೂ ಸಾಕು ಅನ್ನೋ ಟೈಮು. ಒಬ್ಬ ಸಿಕ್ಕಿದ, ರೇಟೂ ಕಮ್ಮಿ, ಒಂದೇ ದಿನಕ್ಕೆ ಮುಗಿಸ್ದ. ಕೆಳಗ್ ನಿಂತು ನೋಡಿದ್ರೆ ಗೆರೆ ಎಳೆದಂಗೆ ನೀಟಾಗಿತ್ತು. ನಾನೂ ಖುಷಿಯಾಗಿ ಪೂರ್ತಿ ದುಡ್ಡು ಕೊಡಿಸ್ಬಿಟ್ಟೆ.

ಜೂನ್‌ನಲ್ಲಿ ಮಳೆ ಹಿಡೀತು, ಮನೆ ಅಮ್ಮ ಫೋನ್ ಮಾಡಿದ್ರು. "ಏನ್ ಮಾರಾಯ, ಸೂರಿನ ಮೇಲೆ ಕೆರೆ ಕಟ್ಟಿಸಿ ಕೊಟ್ಟೆಯಲ್ಲ." ಹೋಗಿ ಏಣಿ ಹತ್ತಿ ನೋಡಿದ್ರೆ ನಿಜವಾಗ್ಲೂ ಕೆರೆನೇ, ನಡುಮಧ್ಯ ನೀರು ನಿಂತು, ಅದ್ರಲ್ಲಿ ಕೊಳೆತ ಎಲೆ, ಸೊಳ್ಳೆ ಮರಿ, ನೀರು ತುಂಬಿ ಗಟರ್ ಹಿಂದಿನ ಅಂಚಿಂದ ಗೋಡೆಗೇ ಇಳೀತಾ ಇತ್ತು.

ಆಗಿದ್ದು ಇಷ್ಟು. ಹಳೇ ಮನೆ ಸೂರು ಯಾವತ್ತೂ ನೇರ ಇರಲ್ಲ, ಹಂಚಿನ ಭಾರಕ್ಕೆ ಅದನ್ನ ಹೊರೋ ಮರದ ಪಕಾಸಿ ಬಗ್ಗಿ ಮಧ್ಯದಲ್ಲಿ ಒಂದೂವರೆ ಇಂಚು ತಗ್ಗಿತ್ತು. ಪುಣ್ಯಾತ್ಮ ಸೂರಿನ ಹಲಗೆ ನೋಡ್ಕೊಂಡು ಅದಕ್ಕೆ ಸರಿಯಾಗಿ ಕ್ಲಾಂಪ್ ಹೊಡ್ಕೊಂಡು ಹೋಗಿದ್ದ, ಹಲಗೆ ತಗ್ಗಿದ ಕಡೆ ಗಟರೂ ತಗ್ಗು. ಕಣ್ಣಿಗೆ ಚೆಂದ ಕಂಡಿದ್ದು ಅದಕ್ಕೇ. ಕ್ಲಾಂಪೂ ನಾಕು ಅಡಿಗೊಂದು, ಎರಡು ಅಡಿಗೊಂದು ಬರ್ಬೇಕಿತ್ತು. ಮತ್ತೆ ಫೋನ್ ಎತ್ತಲೇ ಇಲ್ಲ ಆಸಾಮಿ, ದುಡ್ಡು ಪೂರ್ತಿ ಕೊಟ್ಟಾಗಿದೆ, ಯಾಕ್ ಎತ್ತಾನೆ.

ಮಳೆ ನಿಂತ್ಮೇಲೆ ಇನ್ನೊಬ್ರನ್ನ ಕರೆದೆ, ವಯಸ್ಸಾದವ್ರು, ಮಾತು ಕಮ್ಮಿ. ಅವ್ರು ಬಂದವ್ರೇ ರೇಟ್ ಮಾತಾಡ್ಲಿಲ್ಲ, ಟ್ಯೂಬಲ್ಲಿ ನೀರು ತುಂಬಿ ಎರಡೂ ತುದಿಗೆ ಲೆವೆಲ್ ಹಿಡಿದ್ರು. ಆಮೇಲೆ ನೀರು ಇಳಿಯೋ ತುದಿ ಎರಡು ಇಂಚು ಕೆಳಗೆ ಬರೋ ಹಾಗೆ ದಾರ ಕಟ್ಟಿದ್ರು, ಅಂದ್ರೆ 10 ಅಡಿಗೆ ಅರ್ಧ ಇಂಚು. "ಹಂಚು ಒಡೆದ್ರೆ ಯಾರದ್ದು?" ಅಂತ ಅವ್ರೇ ಕೇಳಿದ್ರು, ಅಲ್ಲೇ ನಂಗೆ ಅರ್ಧ ನಂಬಿಕೆ ಬಂತು. ಹಂಚಿನ ಮೇಲೆ ಓಡಾಡಿದ ಅನುಭವ ಇಲ್ದವ್ನಿಗೆ ಈ ಪ್ರಶ್ನೆ ಹೊಳೆಯೋದೇ ಇಲ್ಲ. ಕರೆಂಟ್ ಸರ್ವಿಸ್ ವೈರ್ ಸೂರಿಗೆ ತಾಗ್ತಿತ್ತು, ಲೈನ್‌ಮ್ಯಾನ್ ಬಂದು ಆಫ್ ಮಾಡೋ ತನಕ ಏಣಿ ಇಡಲ್ಲ ಅಂತ ಕೂತ್ಬಿಟ್ರು. ಅರ್ಧ ದಿನ ಹೋಯ್ತು, ಹೋಗ್ಲಿ.

ಕೆಲಸ ಆದ್ಮೇಲೆ ಅಮ್ಮ ನೋಡಿ "ಸೊಟ್ಟ ಕಾಣ್ತದಲ್ಲೋ" ಅಂದ್ರು. ಸೊಟ್ಟಾನೇ ಅಮ್ಮ, ಸೂರು ಒಂದು ಕಡೆ ಗಟರ್ ಒಂದು ಕಡೆ ಅಂದೆ. ಆಮೇಲೆ ಎತ್ತರದ ತುದೀಲಿ ಎರಡು ಕೊಡ ನೀರು ಸುರಿಸಿದ್ವಿ, ಎಲ್ಲೂ ನಿಲ್ದೆ ಪೈಪಿಗೆ ಹೋಯ್ತು.

ಈಗ ನಾನು ಗಟರಿನವರನ್ನ ಕರೆಯೋದು ಮಾರ್ಚಲ್ಲಿ. ಮೇನಲ್ಲಿ ಸಿಗೋವ್ರು ಬೇರೆಯವ್ರು ಬೇಡ ಅಂತ ಬಿಟ್ಟೋರೇ ಜಾಸ್ತಿ, ಎಲ್ರೂ ಅಲ್ಲ ಬಿಡಿ. ಎರಡು ಮಳೆಗಾಲ ಕಂಡಿರೋ ಅವ್ರದ್ದೇ ಕೆಲಸ ಒಂದು ತೋರ್ಸಿ ಅಂತೀನಿ, ಮೊಬೈಲಲ್ಲಿರೋ ಹೊಸ ಫೋಟೋ ಬೇಡ. ರನ್ನಿಂಗ್ ಫೂಟ್ ರೇಟಲ್ಲಿ, ಅಂದ್ರೆ ಉದ್ದದ ಅಡಿಗಿಷ್ಟು ಅನ್ನೋ ರೇಟಲ್ಲಿ, ಕ್ಲಾಂಪು, ಮೂಲೆ, ಎಂಡ್ ಕ್ಯಾಪು, ಕೆಳಗಿಳಿಯೋ ಪೈಪು ಸೇರಿದ್ಯಾ ಅಂತ ಚೀಟಿ ಮೇಲೆ ಬರೆಸ್ಕೋತೀನಿ, ಇಲ್ಲಾಂದ್ರೆ ಕಮ್ಮಿ ರೇಟು ಅನ್ನೋದು ಕೊನೇಗೆ ಎಲ್ಲಿಗೋ ಹೋಗಿರುತ್ತೆ. ನೂರಕ್ಕೆ ಹತ್ತು ರೂಪಾಯಿ ಮೊದಲ ಜೋರು ಮಳೆ ಆಗೋ ತನಕ ನನ್ ಹತ್ರಾನೇ. ಕೆಲವ್ರು ಇದಕ್ಕೆ ಸಿಟ್ಟಾಗಿ ಎದ್ದು ಹೋಗಿದ್ದೂ ಇದೆ.

ಆ ಮನೆ ಸೂರಿನ ಒಂದು ಮಗ್ಗುಲು ಸುಮಾರು 55 ಚದರ ಮೀಟರ್. ಗಂಟೆಗೆ 25 ಮಿ.ಮೀ. ಮಳೆ ಹೊಡೆದ್ರೆ ಹತ್ರಹತ್ರ 1,400 ಲೀಟರ್ ನೀರು ಒಂದೇ ಪೈಪಲ್ಲಿ ಇಳೀಬೇಕು. ಅಮ್ಮಂಗೆ ಈ ಲೆಕ್ಕ ಹೇಳಿದ್ದೆ, ನಂಬಿರ್ಲಿಲ್ಲ. ಮುಂದಿನ ಜುಲೈಲಿ ಫೋನ್ ಮಾಡಿ, ಪೈಪ್ ಕೆಳಗೆ 200 ಲೀಟರ್ ಡ್ರಮ್ ಇಟ್ಟಿದ್ದೆ ಕಣೋ, ಕಾಫಿ ಕಾಯಿಸಿ ಬರೋದ್ರೊಳಗೆ ತುಂಬಿ ಚೆಲ್ತಿತ್ತು ಅಂದ್ರು.