ಕೊಡದೆ ಕೇಳಿಸಿಕೊಳ್ಳುವ ನೋಡ್‌ಗಳು: ಬಿಟ್‌ಕಾಯಿನ್ ಸರ್ವರ್ ನಿರ್ವಹಣೆಯ ಅನುಭವ

ಗ್ರಾಹಕರ ಪರವಾಗಿ ಬಿಟ್‌ಕಾಯಿನ್ ಮತ್ತು ಮೊನೆರೊ (ಖಾಸಗಿತನಕ್ಕೆ ಒತ್ತು ಕೊಡುವ ಇನ್ನೊಂದು ಡಿಜಿಟಲ್ ನಾಣ್ಯ) ನೋಡ್‌ಗಳನ್ನು, ಅಂದರೆ ಆ ಜಾಲಗಳ ವಹಿವಾಟುಗಳನ್ನು ಪರಿಶೀಲಿಸಿ ಹಂಚುವ ಸರ್ವರ್‌ಗಳನ್ನು, ನಡೆಸುವುದು ನಮ್ಮ ತಂಡದ ಕೆಲಸ. ಹೊಸದಾಗಿ ಸೇರುವವರು ಡಿಸ್ಕ್, ಮೆಮೊರಿ, ಬ್ಲಾಕ್ ಸಿಂಕ್ (ವಹಿವಾಟುಗಳ ಕಂತೆಗಳಾದ ಬ್ಲಾಕ್‌ಗಳನ್ನು ಜಾಲದಿಂದ ಪಡೆದು ಸರಿಸಮವಾಗಿರುವುದು) ಇವುಗಳ ಮೇಲೆ ಚೆನ್ನಾಗಿಯೇ ಕಣ್ಣಿಡುತ್ತಾರೆ. ಆದರೆ ನಮ್ಮ ನೋಡ್‌ಗೆ ಯಾರು ಬಂದು ಸೇರಿಕೊಂಡಿದ್ದಾರೆ, ಬಂದವರು ಏನು ಮಾಡುತ್ತಿದ್ದಾರೆ ಎಂದು ನೋಡುವವರು ಕಡಿಮೆ. ಗ್ರಾಹಕರ ಖಾಸಗಿತನ ಸೋರಿಹೋಗುವ ದಾರಿಗಳಲ್ಲಿ ಇದೂ ಒಂದು ಎಂಬುದರಿಂದ ಈ ಬರಹ.

ಬಿಟ್‌ಕಾಯಿನ್ ಲೆಡ್ಜರ್ ಎಲ್ಲರಿಗೂ ತೆರೆದಿದ್ದರೂ ಅದರಲ್ಲಿ ಐಪಿ ವಿಳಾಸ (ಅಂತರಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ದಾಖಲಾಗುವುದಿಲ್ಲ. ಹೊಸ ವಹಿವಾಟೊಂದು ಹುಟ್ಟಿದಾಗ ನೋಡ್ ತನ್ನ ಪಿಯರ್‌ಗಳಿಗೆ, ಅಂದರೆ ತನ್ನೊಡನೆ ಸಂಪರ್ಕದಲ್ಲಿರುವ ನೋಡ್‌ಗಳಿಗೆ, ‘ನನ್ನ ಬಳಿ ಇಂಥದ್ದೊಂದು ಇದೆ’ ಎಂದು ಸಾರುತ್ತದೆ, ಅವು ತಮ್ಮ ಪಿಯರ್‌ಗಳಿಗೆ ಸಾರುತ್ತವೆ. ತಲುಪಬಹುದಾದ ಬಹುತೇಕ ನೋಡ್‌ಗಳಿಗೆ ಒಬ್ಬರೇ ಸಂಪರ್ಕ ಇಟ್ಟುಕೊಂಡು, ಯಾವ ವಿಳಾಸದಿಂದ ಈ ಸುದ್ದಿ ಮೊದಲು ಬಂತು ಎಂದು ಬರೆದಿಟ್ಟುಕೊಂಡರೆ, ವಹಿವಾಟಿನ ಮೂಲ ಎಲ್ಲಿ ಎಂದು ಊಹಿಸಲು ಅಷ್ಟು ಸಾಕು. 2014ರಲ್ಲಿಯೇ ಲಕ್ಸೆಂಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಪತ್ತೆ ಸಾಧ್ಯವೆಂದು ತೋರಿಸಿದ್ದರು. 2023ರ ಮಾರ್ಚ್‌ನಲ್ಲಿ ‘ಲಿಂಕಿಂಗ್‌ಲಯನ್’ ಎಂಬ ಹೆಸರಿನಲ್ಲಿ ಬೆಳಕಿಗೆ ಬಂದ ಪ್ರಕರಣ ಇದೇ ಜಾತಿಯದು: ಕೆಲವೇ ಐಪಿ ವ್ಯಾಪ್ತಿಗಳಿಗೆ ಸೇರಿದ 812 ವಿಳಾಸಗಳಿಂದ ಯಾರೋ ಬಿಟ್‌ಕಾಯಿನ್ ನೋಡ್‌ಗಳಿಗೆ ಎಡೆಬಿಡದೆ ಸಂಪರ್ಕ ತೆರೆಯುತ್ತಿದ್ದರು, ಸುಳ್ಳು ಕ್ಲೈಂಟ್ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು.

ಇಂಥವರನ್ನು ನಾವು ಗುರುತಿಸುವ ಕ್ರಮ ಸರಳ. ಬಿಟ್‌ಕಾಯಿನ್ ನೋಡ್ ನಡೆಸುವ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್‌ನ ‘ಗೆಟ್‌ಪಿಯರ್‌ಇನ್ಫೋ’ ಆದೇಶ ಪ್ರತಿ ಪಿಯರ್ ಯಾವ ಬಗೆಯ ಸಂದೇಶದಲ್ಲಿ ಎಷ್ಟು ಬೈಟ್ ಕಳುಹಿಸಿದೆ ಎಂಬುದನ್ನು ಬಿಡಿಸಿ ತೋರಿಸುತ್ತದೆ. ಪ್ರಾಮಾಣಿಕ ನೋಡ್‌ನ ಸಾಲಿನಲ್ಲಿ ವಹಿವಾಟಿನ ಸಾರಿಕೆಗಳು, ಬ್ಲಾಕ್ ಹೆಡರ್‌ಗಳು (ಬ್ಲಾಕ್‌ಗಳ ಕಿರು ತಲೆಬರಹಗಳು), ಇತರ ನೋಡ್‌ಗಳ ವಿಳಾಸಗಳು ಎಲ್ಲವೂ ಸ್ವಲ್ಪಸ್ವಲ್ಪ ಕಾಣುತ್ತವೆ. ಅನುಮಾನಾಸ್ಪದ ನೋಡ್‌ನ ಸಾಲಿನಲ್ಲಿ ಪರಿಚಯದ ಸಂದೇಶ ಮತ್ತು ಪಿಂಗ್-ಪಾಂಗ್ (ಸಂಪರ್ಕ ಇನ್ನೂ ಇದೆಯೇ ಎಂದು ಕೇಳಿ ಉತ್ತರಿಸುವ ಸಂದೇಶ) ಬಿಟ್ಟರೆ ಏನೂ ಇರುವುದಿಲ್ಲ. ನಮ್ಮಿಂದ ಮಾತ್ರ ಸಾರಿಕೆಗಳು ಒಂದೇ ಸಮನೆ ಹೋಗುತ್ತಿರುತ್ತವೆ. ಇಂಥ ಸಾಲುಗಳು ಒಂದೇ ಸಬ್‌ನೆಟ್‌ನಿಂದ (ಅಕ್ಕಪಕ್ಕದ ಐಪಿ ವಿಳಾಸಗಳ ಸಮೂಹ) ಗುಂಪಾಗಿ ಬಂದಿದ್ದು, ಒಂದೊಂದೂ ಬೇರೆ ಬೇರೆ ಆವೃತ್ತಿಯ ಹೆಸರು ಹೇಳುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಹಾಗೆಂದು ಮೌನವಾಗಿರುವ ಪ್ರತಿಯೊಂದು ನೋಡನ್ನೂ ಬೇಹುಗಾರ ಎನ್ನುವುದು ಅನ್ಯಾಯ. ಜರ್ಮನಿಯ ಕಾರ್ಲ್ಸ್‌ರೂಹೆಯ ತಾಂತ್ರಿಕ ಸಂಸ್ಥೆಯಂಥ ಕಡೆ ನೆಟ್‌ವರ್ಕಿನ ಅಳತೆ ಮಾಡುವವರಿದ್ದಾರೆ, ಅವರು ಅದನ್ನು ಬಹಿರಂಗವಾಗಿಯೇ ಮಾಡುತ್ತಾರೆ. ಯಾರೆಂದು ಹೇಳಿಕೊಂಡು ಅಳೆಯುವವರಿಗೂ ವೇಷ ಹಾಕಿಕೊಂಡು ಕೇಳಿಸಿಕೊಳ್ಳುವವರಿಗೂ ನಾನು ವ್ಯತ್ಯಾಸ ಮಾಡುತ್ತೇನೆ.

ಇಂಥವರನ್ನು ಕಂಡ ಕೂಡಲೇ ನಿರ್ಬಂಧಿಸಿಬಿಡೋಣ ಎಂಬ ಉತ್ಸಾಹ ಸಹಜ. ಬಿಟ್‌ಕಾಯಿನ್ ಕೋರ್‌ನಲ್ಲಿ ಅವಧಿ ನಮೂದಿಸದೆ ಹಾಕಿದ ನಿರ್ಬಂಧ 24 ಗಂಟೆಗೆ ತಾನಾಗಿ ತೆರವಾಗುತ್ತದೆ. ಅವಧಿ ಹೆಚ್ಚಿಸಿದರೂ ಎದುರಿನವರು ಹೊಸ ವಿಳಾಸ ಬಾಡಿಗೆಗೆ ಪಡೆದು ಬರಬಹುದು. 2024ರಿಂದ ಪೂರ್ವನಿಯೋಜಿತವಾಗಿ ಚಾಲನೆಯಲ್ಲಿರುವ ಗೂಢಲಿಪಿ ಸಂಪರ್ಕವೂ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಅದು ಮಾರ್ಗಮಧ್ಯದಲ್ಲಿ ಕದ್ದು ಕೇಳುವವರನ್ನು ತಡೆಯುತ್ತದೆಯೇ ಹೊರತು ಸಂಪರ್ಕದ ಇನ್ನೊಂದು ತುದಿಯಲ್ಲಿ ತಾನೇ ಕುಳಿತಿರುವವನನ್ನಲ್ಲ.

ನಾವು ಗಮನ ಕೊಡಬೇಕಾದದ್ದು ಸಂಪರ್ಕದ ದಿಕ್ಕಿಗೆ. ಬಿಟ್‌ಕಾಯಿನ್ ಕೋರ್ ಪೂರ್ವನಿಯೋಜಿತವಾಗಿ ಗರಿಷ್ಠ 125 ಸಂಪರ್ಕ ಇಟ್ಟುಕೊಳ್ಳುತ್ತದೆ. ಅದರಲ್ಲಿ ಸಾಮಾನ್ಯವಾಗಿ ತಾನೇ ಆರಿಸಿ ತೆರೆಯುವುದು 10, ಉಳಿದ ಜಾಗ ಬಂದವರಿಗೆ. ಒಳಬರುವ ಸಂಪರ್ಕವನ್ನು ಬೇಹುಗಾರ ಸುಲಭವಾಗಿ ಗಿಟ್ಟಿಸಬಹುದಾದ್ದರಿಂದ, ಒಳಬಂದ ಪಿಯರ್‌ಗಳಿಗೆ ಸರಾಸರಿ 5 ಸೆಕೆಂಡಿನ, ನೋಡ್ ತಾನೇ ಆರಿಸಿಕೊಂಡವಕ್ಕೆ 2 ಸೆಕೆಂಡಿನ ವಿಳಂಬದಲ್ಲಿ ವಹಿವಾಟನ್ನು ಸಾರುವ ವ್ಯವಸ್ಥೆ ತಂತ್ರಾಂಶದಲ್ಲಿಯೇ ಇದೆ. ಮೊನೆರೊದಲ್ಲಿ 2020ರಿಂದ ಇರುವ ಡ್ಯಾಂಡಿಲಿಯನ್ ಪ್ಲಸ್ ಪ್ಲಸ್ ಪದ್ಧತಿ ವಹಿವಾಟನ್ನು ಮೊದಲು ಒಬ್ಬರಿಂದೊಬ್ಬರಿಗೆ ಸದ್ದಿಲ್ಲದೆ ದಾಟಿಸಿ, ಆಮೇಲೆ ಎಲ್ಲರಿಗೂ ಹರಡುತ್ತದೆ. ನಾವೇ ಆರಿಸಿಕೊಂಡ ಪಿಯರ್ ಬೇಹುಗಾರನಾಗಿಬಿಟ್ಟರೆ ಈ ರಕ್ಷಣೆ ಸಡಿಲಗೊಳ್ಳುವುದರಿಂದ, ಒಂದೇ ಸಬ್‌ನೆಟ್‌ನ ಹಲವು ಪಿಯರ್‌ಗಳನ್ನು ಆರಿಸಿಕೊಳ್ಳದಂತೆ ಮೊನೆರೊ ಅಭಿವೃದ್ಧಿಗಾರರು ಇತ್ತೀಚೆಗೆ ಆಯ್ಕೆಯ ಕ್ರಮವನ್ನು ಬಿಗಿಗೊಳಿಸಿದ್ದಾರೆ.

ಈ ತಿಳಿವಳಿಕೆಯ ಮೇಲೆ ನಮ್ಮ ಬಿಟ್‌ಕಾಯಿನ್ ವ್ಯವಸ್ಥೆಯನ್ನು ಎರಡಾಗಿ ಒಡೆದೆವು. ಸಾರ್ವಜನಿಕ ನೋಡ್ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಬ್ಲಾಕ್‌ಗಳನ್ನು ಹಂಚುತ್ತದೆ, ಗ್ರಾಹಕರ ವಹಿವಾಟನ್ನು ಮುಟ್ಟುವುದಿಲ್ಲ. ಕಳುಹಿಸುವ ನೋಡ್ ಯಾರಿಗೂ ಬಾಗಿಲು ತೆರೆಯುವುದಿಲ್ಲ; ಟಾರ್ (ಕಳುಹಿಸುವವರ ಐಪಿ ವಿಳಾಸ ಮರೆಮಾಡುವ ಜಾಲ) ಮೂಲಕ ಮಾತ್ರ ಹೊರಹೋಗುತ್ತದೆ. “ಸರ್, ಎರಡನ್ನೂ ನೇರವಾಗಿ ಜೋಡಿಸಿದರೆ ಸಿಂಕ್ ಬೇಗ ಆಗುತ್ತದಲ್ಲವೇ?” ಎಂದು ತಂಡದ ಕಿರಿಯರೊಬ್ಬರು ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಹಾಗೆ ಜೋಡಿಸಿದರೆ ಗ್ರಾಹಕರ ವಹಿವಾಟು ನಮ್ಮದೇ ಸಾರ್ವಜನಿಕ ನೋಡ್‌ಗೆ ಎಲ್ಲರಿಗಿಂತ ಮೊದಲು ತಲುಪಿ, ಅಲ್ಲಿ ಕಾದು ಕುಳಿತವರಿಗೆ ನಮ್ಮ ಸ್ಥಿರ ಐಪಿ ವಿಳಾಸದಿಂದಲೇ ಸುದ್ದಿ ಹೋಗುತ್ತದೆ, ಆದ್ದರಿಂದ ಜೋಡಿಸಲಿಲ್ಲ.

ಟಾರ್ ಒಂದನ್ನೇ ನಂಬುವುದರಲ್ಲಿಯೂ ಅಪಾಯವಿದೆ. ಟಾರ್‌ನೊಳಗಿನ ವಿಳಾಸಗಳಾದ ಆನಿಯನ್ ವಿಳಾಸಗಳನ್ನು ಖರ್ಚಿಲ್ಲದೆ ಎಷ್ಟು ಬೇಕಾದರೂ ಸೃಷ್ಟಿಸಬಹುದಾದ್ದರಿಂದ, ಕಳುಹಿಸುವ ನೋಡನ್ನು ಸುತ್ತುವರಿದು ಸುಳ್ಳು ಚಿತ್ರ ತೋರಿಸಲು ಯಾರಾದರೂ ಯತ್ನಿಸಬಹುದು. ಅದಕ್ಕಾಗಿ ಪುಟ್ಟ ಸ್ಕ್ರಿಪ್ಟೊಂದು ಎರಡೂ ನೋಡ್‌ಗಳಿಂದ ಒಂದೇ ಎತ್ತರದ (ಅಂದರೆ ಒಂದೇ ಕ್ರಮಸಂಖ್ಯೆಯ) ಬ್ಲಾಕ್‌ನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಗುರುತು, ತೆಗೆದುಕೊಂಡು ಹೋಲಿಸುತ್ತದೆ. ಅವು ತಾಳೆಯಾಗದಿದ್ದರೆ, ಅಥವಾ ಒಂದು ನೋಡ್ ಬಹಳ ಹಿಂದೆ ಬಿದ್ದರೆ, ವಹಿವಾಟು ಕಳುಹಿಸುವುದನ್ನು ನಿಲ್ಲಿಸಿ ಪಾಳಿಯಲ್ಲಿರುವವರಿಗೆ ಎಚ್ಚರಿಕೆ ಹೋಗುತ್ತದೆ.